ಬೆರಳಿಗೆ ಯಾವ ಹರಳು, ಕಿವಿಗೆ ಯಾವ ಹರಳು

ಹಾಸನದಲ್ಲಿ ಮಹಿಳೆಯರ ಸಂಘವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳು. ಒಡವೆ ಅಂಗಡಿ ಇಟ್ಟವಳಲ್ಲ, ಜಾತಕ ನೋಡುವವಳೂ ಅಲ್ಲ. ಯಾವ ರಾಶಿಗೆ ಯಾವ ಹರಳು ಅಂತ ಕೇಳಬೇಡಿ, ಅದು ನನ್ನ ಸಬ್ಜೆಕ್ಟ್ ಅಲ್ಲ. ಕಲ್ಲು ಹೇಗೆ ಸವೆಯುತ್ತದೆ, ಹೇಗೆ ಒಡೆಯುತ್ತದೆ ಅಂತ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಅದಕ್ಕೇ ಇರಬೇಕು, ಸಂಘದವರು ಗಡಿಯಾರವನ್ನು ನನ್ನ ಎದುರಿಗೇ ಇಟ್ಟಿದ್ದಾರೆ.

ಹರಳು ಕೊಳ್ಳಲು ಹೋದಾಗ ನಾವೆಲ್ಲ ಏನು ಕೇಳುತ್ತೇವೆ? ಇದು ಅಸಲಿನಾ? ಎಷ್ಟು ಕ್ಯಾರೆಟ್ಟು? ಸರ್ಟಿಫಿಕೇಟ್ ಇದೆಯಾ? ವಾಪಸ್ ತಂದರೆ ಎಷ್ಟಕ್ಕೆ ತಗೋತೀರಾ? ಎಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಅಂಗಡಿಯವರಿಗಿಂತ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕು. ಈ ಹರಳು ನನ್ನ ಮೈಮೇಲೆ ಎಲ್ಲಿ ಇರುತ್ತದೆ? ಎಷ್ಟು ದಿನ ಇರುತ್ತದೆ? ಮದುವೆ-ಮುಂಜಿಗೆ ಕಿವಿಯಲ್ಲಿ ತೂಗುವ ಹರಳಿನ ಪಾಡು ಬೇರೆ. ಮುದ್ದೆ ಕಟ್ಟುವ, ಪಾತ್ರೆ ಉಜ್ಜುವ, ಸ್ಕೂಟರ್ ಓಡಿಸುವ ಕೈಯಲ್ಲಿ ದಿನಾ ಇರುವ ಹರಳಿನ ಪಾಡು ಬೇರೆ. ಬೆರಳು ದಿನಕ್ಕೆ ಎಷ್ಟು ಸಲ ಎಲ್ಲೆಲ್ಲಿ ತಗಲುತ್ತದೆ ಅಂತ ಲೆಕ್ಕ ಇಟ್ಟವರಿಲ್ಲ. ಕಿವಿ ಎಲ್ಲಿಗೂ ತಗಲುವುದಿಲ್ಲ, ಸುಮ್ನೆ ಇರುತ್ತದೆ.

ಈಗ ಈ ಟೇಬಲ್ ನೋಡಿ. ಒಂದು ಬಳಪ ಇದೆ. ಒಂದು ಹಳೇ ತಾಮ್ರದ ಕಾಸು, ಒಂದು ಗಾಜಿನ ಚೂರು, ಅಕ್ಕಸಾಲಿಗರ ಒಂದು ಅರ. ಕೊನೆಯದು ಬೆಣಚುಕಲ್ಲು, ನಮ್ಮ ಹೊಲಗಳಲ್ಲಿ ಬೇಕಾದಷ್ಟು ಸಿಗುತ್ತಲ್ಲ, ಅದೇ. ಚಿಕ್ಕವರಿದ್ದಾಗ ಕತ್ತಲೆ ಕೋಣೆಯಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡಿದವರು ಇಲ್ಲಿ ತುಂಬಾ ಜನ ಇರಬೇಕು. ಆಗ ಬರುತ್ತಿದ್ದ ಸುಟ್ಟ ವಾಸನೆಯೂ ನೆನಪಿರಬಹುದು.

ಬಳಪವನ್ನು ಉಗುರಿನಿಂದ ಗೀಚುತ್ತೇನೆ. ನೋಡಿ, ಪುಡಿ ಬಂತು. ಕಾಸನ್ನು ಉಗುರಿನಿಂದ ಗೀಚಿದರೆ ಏನೂ ಆಗಲ್ಲ. ಈಗ ಕಾಸಿನಿಂದ ಗಾಜನ್ನು ಗೀಚುತ್ತೇನೆ. ಒಂದು ಗೆರೆ ಕಾಣುತ್ತಿದೆ, ಅಲ್ವಾ? ಮುಂದೆ ಕೂತ ಅಕ್ಕ, ಹೆಬ್ಬೆರಳಲ್ಲಿ ಒರೆಸಿ ನೋಡಿ. ಹೋಯ್ತು. ಅಂದರೆ ಗಾಜಿಗೆ ಏನೂ ಆಗಿಲ್ಲ, ಕಾಸೇ ಸವೆದು ಗಾಜಿನ ಮೇಲೆ ತಾಮ್ರ ಮೆತ್ತಿತ್ತು. ಈಗ ಬೆಣಚುಕಲ್ಲಿನ ಚೂಪು ತುದಿಯಿಂದ ಗೀಚುತ್ತೇನೆ. ಸದ್ದು ಕೇಳಿಸಿತಾ? ಮತ್ತೆ ಒರೆಸಿ. ಹೋಗಲಿಲ್ಲ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಇದು ನಿಜವಾದ ಗೀರು. ಗೀಚಿ, ಒರೆಸಿ, ಆಮೇಲೆ ತೀರ್ಮಾನ ಮಾಡಬೇಕು. ನಮ್ಮ ಕಾಲೇಜಿನ ಮಕ್ಕಳು ಒರೆಸುವುದನ್ನು ಮರೆತು ಉಲ್ಟಾ ಉತ್ತರ ಬರೆಯುತ್ತಾರೆ.

ಜರ್ಮನಿಯಲ್ಲಿ ಹುಟ್ಟಿ ಆಸ್ಟ್ರಿಯಾದಲ್ಲಿ ಕೆಲಸ ಮಾಡಿದ ಫ್ರೀಡ್ರಿಕ್ ಮೋಸ್ ಎಂಬ ಖನಿಜ ತಜ್ಞ 1812ರಲ್ಲಿ ಮಾಡಿದ್ದು ಇಷ್ಟನ್ನೇ. ಹತ್ತು ಖನಿಜ ತೆಗೆದುಕೊಂಡ. ಯಾವುದು ಯಾವುದನ್ನು ಗೀಚುತ್ತದೆ ಅಂತ ನೋಡಿ ಸಾಲಾಗಿ ಜೋಡಿಸಿದ. ಬಳಪದಲ್ಲಿರುವ ಟಾಲ್ಕ್ 1. ಆಮೇಲೆ ಜಿಪ್ಸಂ, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್, ಫೆಲ್ಡ್‌ಸ್ಪಾರ್. ಬೆಣಚುಕಲ್ಲು, ಅಂದರೆ ಕ್ವಾರ್ಟ್ಸ್ 7. ಟೋಪಾಜ್ 8. ಮಾಣಿಕ್ಯ ಮತ್ತು ನೀಲದ ಕುಲವಾದ ಕುರುಂದ 9. ವಜ್ರ 10. ಈ ಸಾಲಿನಲ್ಲಿ ನಮ್ಮ ಉಗುರು ಸುಮಾರು ಎರಡೂವರೆ, ತಾಮ್ರದ ಕಾಸು ಮೂರು-ಮೂರೂವರೆ, ಗಾಜು ಐದೂವರೆ, ಉಕ್ಕಿನ ಅರ ಆರೂವರೆ.

ಇದು ಸಾಲು ಅಷ್ಟೇ, ತೂಕವಲ್ಲ. 9ಕ್ಕೂ 10ಕ್ಕೂ ಒಂದೇ ಅಂಕಿ ವ್ಯತ್ಯಾಸ ಅಂದುಕೊಳ್ಳಬೇಡಿ. ಬೇರೆ ವಿಧಾನದಲ್ಲಿ, ಒತ್ತಿ ಅಳೆದರೆ, ವಜ್ರ ಮಾಣಿಕ್ಯಕ್ಕಿಂತ ಮೂರು-ನಾಲ್ಕು ಪಟ್ಟು ಗಟ್ಟಿ. ಓಟದಲ್ಲಿ ಯಾರು ಮೊದಲು ಬಂದರು ಅಂತ ಗೊತ್ತಾಗುತ್ತದೆ, ಎಷ್ಟು ಮುಂದಿದ್ದರು ಅಂತ ಗೊತ್ತಾಗುವುದಿಲ್ಲ.

ಮೆದು ಅಂದರೆ ಕೀಳು ಅಂತ ಅಲ್ಲ ಮತ್ತೆ. ಬೇಲೂರು ಇಲ್ಲೇ ಪಕ್ಕದಲ್ಲಿದೆ. 1117ರ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ನೋಡಿ. ಓಲೆ, ಸರ, ವಂಕಿ, ಡಾಬು, ಕಾಲ್ಗಡಗ, ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಒಳಗೆ ನವರಂಗದ ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದಿದ್ದಾರೆ. ಗಟ್ಟಿ ಗ್ರಾನೈಟಿನಲ್ಲಿ ಇಷ್ಟು ಸಣ್ಣ ಕೆಲಸ ಆಗುತ್ತಿರಲಿಲ್ಲ. ಟಾಲ್ಕ್, ಕ್ಲೋರೈಟ್ ಇರುವ ಆ ಬಳಪದ ಕಲ್ಲು ಮೆದುವಾಗಿದ್ದರಿಂದಲೇ ಉಳಿ ಹಾಗೆ ಓಡಿದೆ. ಮದನಿಕೆಯರು ಮೇಲೆ, ಸೂರಿನಡಿ, ಯಾರ ಕೈಗೂ ಎಟುಕದ ಜಾಗದಲ್ಲಿದ್ದಾರೆ. ಒಂಬೈನೂರು ವರ್ಷ ಆದರೂ ಗೆರೆ ಅಳಿಸಿಲ್ಲ. ಅದೇ ಕಲ್ಲನ್ನು ಉಂಗುರಕ್ಕೆ ಹಾಕಿದ್ದರೆ ಒಂದು ಹಬ್ಬ ದಾಟುತ್ತಿರಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಹೆಚ್ಚುಕಮ್ಮಿ ಇದೇ. ಕಲ್ಲು ಎಷ್ಟು ಗಟ್ಟಿ ಅನ್ನುವುದಕ್ಕಿಂತ ಅದು ಇರುವ ಜಾಗಕ್ಕೆ ಎಷ್ಟು ಗಟ್ಟಿ ಸಾಕು ಅನ್ನುವುದು ಮುಖ್ಯ.

ಈ ಸಾಲಿನಲ್ಲಿ ನೆನಪಿಡಬೇಕಾದ ಅಂಕಿ ಒಂದೇ, ಅದು 7. ಯಾಕೆ ಅಂದರೆ ಬೆಣಚುಕಲ್ಲು ಹೊಲದಲ್ಲಿ ಮಾತ್ರ ಇಲ್ಲ. ಮರಳಲ್ಲಿದೆ, ರಸ್ತೆ ಧೂಳಲ್ಲಿದೆ, ಕಾಫಿ ಒಣಹಾಕುವ ಕಣದ ಧೂಳಲ್ಲಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಆದರೂ ಅದರ ಗಟ್ಟಿತನ 7ರದ್ದೇ. ಉಂಗುರದ ಮೇಲೆ ಧೂಳು ಕೂತಿದೆ ಅಂತ ಸೆರಗಿನ ತುದಿಯಿಂದ ಒರೆಸುತ್ತೇವೆ. ಹರಳು 7ಕ್ಕಿಂತ ಮೆದುವಾಗಿದ್ದರೆ ನಾವು ಒರೆಸುತ್ತಿಲ್ಲ, ಗೀಚುತ್ತಿದ್ದೇವೆ. ಒಂದು ದಿನಕ್ಕೆ ಏನೂ ಕಾಣಲ್ಲ. ಕೆಲವು ವರ್ಷಕ್ಕೆ ಹರಳು ಮಂಕಾಗುತ್ತದೆ, ಪಟ್ಟೆಗಳ, ಅಂದರೆ ಕೊರೆದ ಸಪಾಟು ಮುಖಗಳ ಅಂಚು ಮೊಂಡಾಗುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ಆಗ ಬೈಯುತ್ತೇವೆ.

ಇನ್ನು ನಮ್ಮ ಅಡುಗೆಮನೆ. ಕಟ್ಟೆಗೆ ಗ್ರಾನೈಟ್ ಹಾಕಿಸಿದ್ದೇವೆ. ರುಬ್ಬುವ ಕಲ್ಲೂ ಅದೇ ಜಾತಿ. ಗ್ರಾನೈಟ್ ಅಂದರೆ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಬೆಣಚು, ಅಂದರೆ 6 ಮತ್ತು 7. ಕಟ್ಟೆ ಒರೆಸುವಾಗ ಉಂಗುರ ಉಜ್ಜಿಕೊಂಡರೆ ಯಾರು ಗೆಲ್ಲುತ್ತಾರೆ ಅಂತ ಈಗ ನೀವೇ ಹೇಳಬಹುದು. ಮಾಣಿಕ್ಯ, ನೀಲ, ವಜ್ರ ಗೆಲ್ಲುತ್ತವೆ. ನೇರಳೆ ಬಣ್ಣದ ಅಮೆಥಿಸ್ಟ್ ತಾನೂ ಬೆಣಚಿನ ಕುಲವೇ, ಸಮ ಸಮ. ಓಪಲ್, ಫಿರೋಜಾ, ಮೂನ್‌ಸ್ಟೋನ್ ಸೋಲುತ್ತವೆ. ಮುತ್ತು, ಹವಳದ ಕಥೆ ಕೇಳಲೇಬೇಡಿ.

ಹಾಗಾಗಿ ದಿನಾ ಹಾಕುವ ಉಂಗುರಕ್ಕೆ 8 ಮತ್ತು ಅದಕ್ಕಿಂತ ಮೇಲಿನದ್ದು ಆರಿಸಿಕೊಳ್ಳಿ ಅಂತ ನಾನು ಹೇಳುವುದು. ವಜ್ರ, ಮಾಣಿಕ್ಯ, ನೀಲ, ಪುಷ್ಯರಾಗ, ವೈಡೂರ್ಯ, ಸ್ಪೈನೆಲ್. ಬಳೆಗೂ ಇದೇ ಮಾತು, ಬಳೆ ಉಂಗುರದಷ್ಟೇ ಪೆಟ್ಟು ತಿನ್ನುತ್ತದೆ. 7ರ ಆಸುಪಾಸಿನ ಗೋಮೇಧಿಕ, ಅಮೆಥಿಸ್ಟ್, ಟೂರ್ಮಲಿನ್ ಉಂಗುರಕ್ಕೆ ಆಗುತ್ತವೆ, ಕೆಲಸದ ಹೊತ್ತಿನಲ್ಲಿ ತೆಗೆದಿಡಬೇಕು. ಅದಕ್ಕಿಂತ ಕೆಳಗಿನದ್ದೆಲ್ಲ ಓಲೆಗೆ, ಪದಕಕ್ಕೆ, ಸರಕ್ಕೆ. ಈಗ ಅಂಗಡಿಗಳಲ್ಲಿ ನೀಲಿ-ನೇರಳೆ ಬಣ್ಣದ ಟಾಂಜನೈಟ್ ಜಾಸ್ತಿ ತೋರಿಸುತ್ತಿದ್ದಾರೆ. ನೋಡಲು ಬಹಳ ಚಂದ. 6ರಿಂದ 7ರೊಳಗೆ ಬರುತ್ತದೆ, ಪೆಟ್ಟಿಗೆ ಬೇಗ ಸೀಳುತ್ತದೆ. ಕಿವಿಗೆ ಹಾಕಿಸಿ.

ಇಲ್ಲಿಗೇ ಮುಗಿದಿದ್ದರೆ ಮನೆಗೆ ಹೋಗಬಹುದಿತ್ತು. ಆದರೆ ಗಟ್ಟಿ ಅನ್ನುವುದರಲ್ಲಿ ಎರಡು ವಿಷಯ ಸೇರಿಕೊಂಡಿವೆ. ಗೀರು ಬೀಳದಿರುವುದು ಒಂದು, ಒಡೆಯದಿರುವುದು ಇನ್ನೊಂದು. ಮೋಸ್ ಅಳೆದದ್ದು ಮೊದಲನೆಯದನ್ನು ಮಾತ್ರ.

ಅಸಲಿ ವಜ್ರ ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ ಅಂತ ಒಂದು ಮಾತಿದೆ. ಶುದ್ಧ ಸುಳ್ಳು. ಈ ಮಾತು ನಂಬಿ ಎಷ್ಟು ಒಳ್ಳೆಯ ವಜ್ರಗಳು ಚೂರಾಗಿವೆಯೋ. ವಜ್ರದೊಳಗೆ ನಾಲ್ಕು ದಿಕ್ಕಿನಲ್ಲಿ ಸೀಳುವ ಪದರಗಳಿವೆ. ಸೌದೆಯ ಎಳೆ ನೋಡಿ ಕೊಡಲಿ ಇಟ್ಟರೆ ಒಂದೇ ಏಟಿಗೆ ಸೀಳುತ್ತಲ್ಲ, ಹಾಗೆ ಆ ದಿಕ್ಕು ನೋಡಿ ತಟ್ಟಿದರೆ ವಜ್ರ ಎರಡು ಹೋಳಾಗುತ್ತದೆ. ವಜ್ರ ಕೊರೆಯುವವರು ದೊಡ್ಡ ಕಲ್ಲನ್ನು ಹಾಗೆಯೇ ಸೀಳುತ್ತಿದ್ದರು. ಇನ್ನೊಂದು ಸ್ವಾರಸ್ಯ ಏನೆಂದರೆ, ವಜ್ರ ಎಲ್ಲ ಕಡೆಯಿಂದಲೂ ಒಂದೇ ಸಮ ಗಟ್ಟಿ ಅಲ್ಲ. ಕೆಲವು ದಿಕ್ಕಿನಲ್ಲಿ ಸ್ವಲ್ಪ ಮೆದು. ಉಜ್ಜುವ ಚಕ್ರಕ್ಕೆ ಹಚ್ಚಿದ ವಜ್ರದ ಪುಡಿಯಲ್ಲಿ ಕಣಗಳು ದಿಕ್ಕಾಪಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಗಟ್ಟಿ ಮುಖ ಮೇಲಾಗಿರುವ ಕಣಗಳು ಎದುರಿನ ಮೆದು ಮುಖವನ್ನು ಸವೆಸುತ್ತವೆ. ಸೂರತ್‌ನಲ್ಲಿ ಪಾಲಿಶ್ ಆಗಿ ಬರುವ ಒಂದೊಂದು ವಜ್ರದ ಹಿಂದೆಯೂ ಇರುವುದು ಇದೇ ಲೆಕ್ಕ.

ಟೋಪಾಜ್ ಕೂಡ ಹಾಗೆಯೇ. 8ರ ಗಟ್ಟಿ, ಗೀರು ಬೀಳುವುದು ಕಷ್ಟ. ಆದರೆ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಪುಷ್ಯರಾಗ ಅಂತ ಹೇಳಿ ಮೂರು ಬೇರೆ ಬೇರೆ ಹರಳು ಮಾರುತ್ತಾರೆ, ಗಮನಿಸಿ. ಹಳದಿ ನೀಲಮಣಿ 9, ಟೋಪಾಜ್ 8, ಸಿಟ್ರಿನ್ 7. ಮೂರೂ ಹಳದಿ. ಬೆಲೆಯಲ್ಲಿ ಅಜಗಜಾಂತರ. ಉಂಗುರಕ್ಕೆ ಅಂತ ತಗೊಳ್ಳುವುದಾದರೆ ಸರ್ಟಿಫಿಕೇಟಿನಲ್ಲಿ ಖನಿಜದ ಹೆಸರು ಏನು ಬರೆದಿದೆ ಅಂತ ಓದಿ. ಕುರುಂದ ಅಂತ ಇದ್ದರೆ ಅದು 9.

ಪಚ್ಚೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಂಕಿ ನೋಡಿದರೆ ಏಳೂವರೆಯಿಂದ 8. ಉಂಗುರಕ್ಕೆ ಧಾರಾಳವಾಗಿ ಆಗಬೇಕು. ಆದರೆ ಪಚ್ಚೆಯೊಳಗೆ ಹುಟ್ಟುತ್ತಲೇ ಬಿರುಕುಗಳಿರುತ್ತವೆ. ಬಿರುಕೇ ಇಲ್ಲದ ಪಚ್ಚೆ ಬಲು ಅಪರೂಪ. ಅದನ್ನು ಮರೆಮಾಡಲು ಎಣ್ಣೆ ಅಥವಾ ರೆಸಿನ್ ತುಂಬುತ್ತಾರೆ. ಇದು ವ್ಯಾಪಾರದಲ್ಲಿ ಒಪ್ಪಿಕೊಂಡ ಪದ್ಧತಿ, ಮೋಸವಲ್ಲ, ಹೇಳಿ ಮಾರಿದರೆ. ಬಿಸಿನೀರು, ಸೋಪು, ಅಂಗಡಿಯಲ್ಲಿ ಗುಂಯ್ ಅನ್ನುವ ಅಲ್ಟ್ರಾಸೋನಿಕ್ ಮೆಷಿನ್ ಇವೆಲ್ಲ ಆ ಎಣ್ಣೆಯನ್ನು ಹೊರಗೆ ತೆಗೆಯುತ್ತವೆ. ಆಗ ಬಿರುಕು ಎದ್ದು ಕಾಣುತ್ತದೆ. ಪೆಟ್ಟು ಬಿದ್ದರೆ ಮೂಲೆ ಹಾರುತ್ತದೆ. ಮೂಲೆ ಕತ್ತರಿಸಿದ ಎಂಟು ಬದಿಯ ಪಚ್ಚೆ ನೋಡಿದ್ದೀರಲ್ಲ? ಆ ಆಕಾರ ಬರೀ ಚಂದಕ್ಕೆ ಬಂದದ್ದಲ್ಲ, ಮೂಲೆ ಉಳಿಸಿಕೊಳ್ಳಲಿಕ್ಕೂ ಬಂದದ್ದು.

ಒಂದು ಸಣ್ಣ ಅಡ್ಡಮಾತು. ಪಚ್ಚೆಯ ಹಸಿರಿಗೆ ಮುಖ್ಯ ಕಾರಣ ಕ್ರೋಮಿಯಂ. ಮಾಣಿಕ್ಯದ ಕೆಂಪಿಗೂ ಅದೇ ಕ್ರೋಮಿಯಂ. ಒಂದೇ ಲೋಹ ಒಂದು ಹರಳಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಆ ಕ್ರೋಮಿಯಂನ ಅದಿರು ನಮ್ಮ ಜಿಲ್ಲೆಯಲ್ಲೇ, ನುಗ್ಗೇಹಳ್ಳಿ ಕಡೆಯ ಬೈರಾಪುರದಲ್ಲಿದೆ. ಕುರುಂದವೂ ಹಳೇ ಮೈಸೂರು ಸೀಮೆಯಲ್ಲಿ ಸಿಗುತ್ತದೆ. ಹೆಚ್ಚಿನದು ಒಡವೆಗೆ ಬರುವಂಥದ್ದಲ್ಲ. ಅದನ್ನು ಪುಡಿ ಮಾಡಿ ಅರಗಿನಲ್ಲಿ ಕಲಸಿ ಸಾಣೆ ಚಕ್ರ ಮಾಡುತ್ತಿದ್ದರು. ಆ ಚಕ್ರದಲ್ಲಿ ಬೇರೆ ಹರಳುಗಳಿಗೆ ಸಾಣೆ ಹಿಡಿಯುತ್ತಿದ್ದರು. ಒಂದೇ ಕುಲದ ಒಂದು ಕಲ್ಲು ಕಿರೀಟಕ್ಕೆ, ಇನ್ನೊಂದು ಸಾಣೆಗೆ.

ಈಗ ನವರತ್ನದ ಉಂಗುರಕ್ಕೆ ಬರುತ್ತೇನೆ. ಕೆಲವರಿಗೆ ಬೇಜಾರಾಗಬಹುದು, ಮೊದಲೇ ಕ್ಷಮೆ ಕೇಳುತ್ತೇನೆ.

ಮೂಡಿಗೆರೆ ಕಡೆಯ ಒಬ್ಬ ಕಾಫಿ ಬೆಳೆಗಾರರು ತಮ್ಮ ಉಂಗುರವನ್ನು ನನಗೆ ತೋರಿಸಿದರು. ಮದುವೆಯಲ್ಲಿ ಮಾವ ಹಾಕಿದ್ದಂತೆ, ಅವತ್ತಿನಿಂದ ತೆಗೆದಿಲ್ಲ. ತೋಟಕ್ಕೂ ಅದೇ, ಜೀಪಿಗೂ ಅದೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿದೆ. ನಡುವಿನ ಮಾಣಿಕ್ಯದ ಅಂಚು ನಿನ್ನೆ ಕೊರೆದ ಹಾಗಿತ್ತು. ವಜ್ರಕ್ಕೆ ಏನೂ ಆಗಿರಲಿಲ್ಲ, ಬುಡದಲ್ಲಿ ಎಣ್ಣೆ ಜಿಡ್ಡು ಕೂತಿತ್ತು ಅಷ್ಟೇ. ನೀಲ, ಪುಷ್ಯರಾಗ, ವೈಡೂರ್ಯ ಚೆನ್ನಾಗಿದ್ದವು. ಗೋಮೇಧಿಕದ ಮೇಲ್ಮುಖದಲ್ಲಿ ಸಣ್ಣ ಸಣ್ಣ ಗೀರು ಬಲೆ ಹೆಣೆದಿದ್ದವು. ಪಚ್ಚೆಯ ಒಂದು ಮೂಲೆ ಹಾರಿತ್ತು. ಹವಳ ಹೊಳಪು ಕಳೆದುಕೊಂಡು ಗೋಡೆಯ ಸುಣ್ಣದಷ್ಟು ಪೇಲವವಾಗಿತ್ತು. ಇನ್ನು ಮುತ್ತು, ಅದರ ನೆತ್ತಿ ಸವೆದು ಚಪ್ಪಟೆಯಾಗಿ, ಒಳಗಿನ ಪದರ ಕಾಣುತ್ತಿತ್ತು. ಅವರು ಕೇಳಿದ್ದು, "ಮೇಡಂ, ಅವತ್ತೇ ಇವೆರಡು ಡೂಪ್ಲಿಕೇಟ್ ಹಾಕಿದ್ರಾ?" ಅಂತ. ಇಲ್ಲ, ಒಂಬತ್ತೂ ಅಸಲಿಯೇ. ಅಸಲಿ ಆಗಿದ್ದರಿಂದಲೇ ಹೀಗಾಗಿದೆ.

ಲೆಕ್ಕ ಹಾಕಿ. ಮುತ್ತು ಎರಡೂವರೆಯಿಂದ ನಾಲ್ಕೂವರೆ. ಹವಳ ಮೂರು-ನಾಲ್ಕು. ಗೋಮೇಧಿಕ 7ರ ಹತ್ತಿರ. ಪಚ್ಚೆ ಏಳೂವರೆಯಿಂದ 8. ವೈಡೂರ್ಯ ಎಂಟೂವರೆ. ಮಾಣಿಕ್ಯ, ನೀಲ, ಪುಷ್ಯರಾಗ 9. ವಜ್ರ 10. ಇಷ್ಟು ದೂರದೂರದ ಒಂಬತ್ತನ್ನು ಒಂದು ಅಂಗುಲದೊಳಗೆ ಕೂರಿಸಿ, ಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿನ್ನುವ ಜಾಗಕ್ಕೆ ಹಾಕುತ್ತೇವೆ. ಗಟ್ಟಿತನದ ಕಡೆಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ಪೂಜೆಗೆ, ನಂಬಿಕೆಗೆ ನನ್ನ ತಕರಾರಿಲ್ಲ. ಅದೇ ಒಂಬತ್ತನ್ನು ಪದಕಕ್ಕೆ ಕೂರಿಸಿ ಸರಕ್ಕೆ ಹಾಕಿಕೊಳ್ಳಿ. ಮೈಗೆ ತಾಗಿಯೇ ಇರುತ್ತದೆ, ಪೆಟ್ಟು ತಗಲುವುದಿಲ್ಲ. ಉಂಗುರವೇ ಬೇಕು ಅಂತ ಹಟ ಇದ್ದರೆ ಮುತ್ತು-ಹವಳವನ್ನು ಸ್ವಲ್ಪ ತಗ್ಗಿಸಿ, ಸುತ್ತ ಚಿನ್ನದ ಅಂಚು ಎತ್ತರಿಸಿ ಕೂರಿಸಲು ಅಕ್ಕಸಾಲಿಗೆ ಹೇಳಿ. ಕೆಲವು ವರ್ಷಕ್ಕೊಮ್ಮೆ ಅವೆರಡನ್ನು ಬದಲಾಯಿಸುವ ಖರ್ಚಿಗೂ ತಯಾರಿರಿ.

ಮುತ್ತು-ಹವಳಕ್ಕೆ ಗೀರಿಗಿಂತ ದೊಡ್ಡ ಶತ್ರು ಹುಳಿ. ಎರಡೂ ಹೆಚ್ಚುಕಮ್ಮಿ ಸುಣ್ಣದ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಹಣ್ಣು, ಹುಣಸೆಹುಳಿ, ಕೊನೆಗೆ ನಮ್ಮ ಬೆವರು, ಎಲ್ಲವೂ ಅದನ್ನು ತಿನ್ನುತ್ತವೆ. ಸೆಂಟು ಕೂಡ ಹಾಳು. ಅಲಂಕಾರ ಎಲ್ಲ ಮುಗಿದ ಮೇಲೆ ಕೊನೆಗೆ ಮುತ್ತಿನ ಸರ ಹಾಕಿಕೊಳ್ಳಿ, ಬಂದ ತಕ್ಷಣ ಮೊದಲು ಅದನ್ನೇ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹುಳಿ ಅಂದಾಗ ಇನ್ನೊಂದು ಎಚ್ಚರ. ಈಗ ದೊಡ್ಡ ದೊಡ್ಡ ಮಾಣಿಕ್ಯ ತೀರಾ ಅಗ್ಗಕ್ಕೆ ಸಿಗುತ್ತಿವೆ. ಅವುಗಳಲ್ಲಿ ಬಹಳಷ್ಟು ಗ್ಲಾಸ್ ಫಿಲ್ಡ್. ಬಿರುಕು ತುಂಬಿದ ಕಳಪೆ ಕುರುಂದ ತಗೊಂಡು, ಬಿರುಕಿಗೆ ಸೀಸ ಬೆರೆಸಿದ ಗಾಜನ್ನು ಕರಗಿಸಿ ಹರಿಸುತ್ತಾರೆ. ಕಲ್ಲು ತಿಳಿಯಾಗಿ, ಕೆಂಪಗೆ ಕಾಣುತ್ತದೆ. ಮಾಣಿಕ್ಯ 9, ಒಳಗಿನ ಗಾಜು ಐದರ ಆಸುಪಾಸು. ನಿಂಬೆರಸ ಬಿದ್ದರೆ ಗಾಜು ಕೊರೆದು ಬಿಳಿ ಗೆರೆ ಏಳುತ್ತದೆ. ಅಕ್ಕಸಾಲಿ ಉಂಗುರ ಬೆಸೆಯಲು ಬೆಂಕಿ ಹಿಡಿದರೆ ಕಥೆ ಮುಗಿಯಿತು. ಲೂಪಿನಲ್ಲಿ ನೋಡಿದರೆ ಒಳಗೆ ಗಾಳಿಗುಳ್ಳೆ, ಕಲ್ಲು ಅಲುಗಿಸಿದಾಗ ನೀಲಿ ಮಿಂಚು ಕಾಣುತ್ತದೆ. ನಿಂಬೆಹಣ್ಣಿನ ಚಿತ್ರಾನ್ನ ಕಲಸುವ ಕೈಗೆ ಈ ಹರಳು ಹೇಳಿದ್ದಲ್ಲ.

ಇದಕ್ಕೆ ಹೋಲಿಸಿದರೆ ಕಾರ್ಖಾನೆಯ ಮಾಣಿಕ್ಯ ಎಷ್ಟೋ ವಾಸಿ. ಫ್ರಾನ್ಸಿನ ಆಗಸ್ಟ್ ವರ್ನೂಯಿ 1902ರಲ್ಲಿ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಜಗತ್ತಿಗೆ ತಿಳಿಸಿದ. ಅದು ಗಾಜಲ್ಲ, ನಿಜವಾದ ಕುರುಂದವೇ, ಗಟ್ಟಿತನ 9. ನಿಮ್ಮ ಮನೆಯಲ್ಲಿ ತಾತನ ಹಳೇ ಎಚ್‌ಎಂಟಿ ಜನತಾ ವಾಚಿದ್ದರೆ ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರುವುದನ್ನು ನೋಡಿ. ಚಕ್ರಗಳ ಅಚ್ಚು ತಿರುಗುವ ಜಾಗದಲ್ಲಿ ಸವೆಯಬಾರದು ಅಂತ ಹಾಕಿರುವ ಹರಳುಗಳು ಅವು, ಇಂಥ ಕಾರ್ಖಾನೆಯ ಮಾಣಿಕ್ಯ. ಅಜ್ಜಿಯ ಬೆಂಡೋಲೆಯ ಕೆಂಪುಗಳಲ್ಲೂ ಎಷ್ಟೋ ಇದೇ ಜಾತಿಯವು. ಗಟ್ಟಿತನದಿಂದ ಅಸಲಿ-ನಕಲಿ ಹೇಳಲು ಆಗುವುದಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ದಯವಿಟ್ಟು ಮನೆಗೆ ಹೋಗಿ ಒಡವೆ ಮೇಲೆ ಬೆಣಚುಕಲ್ಲಿನಿಂದ ಗೀಚಿ ನೋಡಬೇಡಿ. ಗೀಚಿ ನೋಡುವುದು ಪಾಠದ ಕೋಣೆಗೆ. ಹರಳು ಪರೀಕ್ಷೆ ಮಾಡುವವರು ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಹೇಳುತ್ತಾರೆ, ಕಲ್ಲಿಗೆ ನೋವಾಗದ ಹಾಗೆ.

ಅಮೆರಿಕನ್ ಡೈಮಂಡ್ ಬಗ್ಗೆ ಎರಡೇ ಮಾತು. ಅದು ಕ್ಯೂಬಿಕ್ ಜಿರ್ಕೋನಿಯಾ, ಎಂಟು-ಎಂಟೂವರೆ. ಗಾಜಲ್ಲ. ಕೆಲವು ವರ್ಷ ಉಂಗುರದಲ್ಲಿ ಚೆನ್ನಾಗಿರುತ್ತದೆ, ಆಮೇಲೆ ಅಂಚು ಮೊಂಡಾಗುತ್ತದೆ. ಕೊಟ್ಟ ದುಡ್ಡಿಗೆ ಅಷ್ಟು ಸಾಕು. ಮಾಯ್ಸನೈಟ್ ಅಂತ ಬಂದಿದೆಯಲ್ಲ, ಅದು ಒಂಬತ್ತೂ ಕಾಲು, ದಿನಬಳಕೆಗೆ ಬಹಳ ಒಳ್ಳೆಯದು.

ಇಷ್ಟು ಹೊತ್ತು ಹರಳನ್ನೇ ಬೈದೆವು. ಉಂಗುರದಲ್ಲಿ ಎಲ್ಲಕ್ಕಿಂತ ಮೆದು ಯಾವುದು ಗೊತ್ತಾ? ಚಿನ್ನ. ಶುದ್ಧ ಚಿನ್ನ ನಿಮ್ಮ ಉಗುರಿನಷ್ಟೇ, ಸುಮಾರು ಎರಡೂವರೆ. ತಾಮ್ರ, ಬೆಳ್ಳಿ ಬೆರೆಸಿದ 22 ಕ್ಯಾರೆಟ್ ಸ್ವಲ್ಪ ವಾಸಿ, 18 ಕ್ಯಾರೆಟ್ ಇನ್ನೂ ಗಟ್ಟಿ. ವಜ್ರದ ಒಡವೆ ಹೆಚ್ಚಾಗಿ 18ರಲ್ಲಿ ಮಾಡುವುದು ಇದಕ್ಕೇ. "18 ಕ್ಯಾರೆಟ್ ಕೊಟ್ಟು ಟೋಪಿ ಹಾಕಿದ್ರು" ಅನ್ನುವವರನ್ನು ಕೇಳಿದ್ದೇನೆ. ಹಾಲ್‌ಮಾರ್ಕಿನಲ್ಲಿ 750 ಅಂತ ಇದ್ದು, ಅಷ್ಟಕ್ಕೇ ದುಡ್ಡು ತಗೊಂಡಿದ್ದರೆ ಟೋಪಿ ಏನೂ ಇಲ್ಲ. ಹರಳನ್ನು ಹಿಡಿದುಕೊಂಡಿರುವ ಸಣ್ಣ ಕೊಂಡಿಗಳು ಸೀರೆಗೆ ಸಿಕ್ಕಿ, ಗೋಡೆಗೆ ತಾಗಿ, ಸವೆದು ತೆಳ್ಳಗಾಗುತ್ತವೆ. ಒಂದು ದಿನ ವಜ್ರ ಸಿಂಕಿನಲ್ಲಿ ಹೋಗುತ್ತದೆ. ವಜ್ರಕ್ಕೆ ಏನೂ ಆಗಿರಲ್ಲ, ಆದರೆ ನಿಮ್ಮ ಹತ್ತಿರ ಇರಲ್ಲ. ವರ್ಷಕ್ಕೊಂದು ಸಲ ಕೊಂಡಿ ತೋರಿಸಿ ಬಿಗಿ ಮಾಡಿಸಿ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿದರೆ, ಸಡಿಲ ಹರಳು ಕಿಟಿಕಿಟಿ ಅನ್ನುತ್ತದೆ. ಇವತ್ತು ರಾತ್ರಿಯೇ ಮಾಡಿ ನೋಡಿ.

ಕೊನೆಯದಾಗಿ ನಮ್ಮ ಒಡವೆ ಡಬ್ಬಿ. ಹಾಸನಾಂಬೆ ದರ್ಶನದ ಹೊತ್ತಿಗೆ, ದೀಪಾವಳಿಗೆ ಎಲ್ಲ ಹೊರಗೆ ಬರುತ್ತವೆ. ಮುಗಿದ ಮೇಲೆ ಒಂದೇ ಡಬ್ಬಿಗೆ ಸುರಿದು ಬೀರುವಿಗೆ ಹಾಕುತ್ತೇವೆ. ವಜ್ರದ ಓಲೆಯ ಪಕ್ಕ ಮಾಣಿಕ್ಯದ ಪದಕ, ಅದರ ಮೇಲೆ ಮುತ್ತಿನ ಸರ. ವಜ್ರ ಎಲ್ಲವನ್ನೂ ಗೀಚುತ್ತದೆ. ಮಾಣಿಕ್ಯ ವಜ್ರ ಬಿಟ್ಟು ಮಿಕ್ಕಿದ್ದನ್ನು ಗೀಚುತ್ತದೆ. ಮೈಮೇಲೆ ಆಗದ ಗೀರು ಡಬ್ಬಿಯೊಳಗೆ ಆಗುತ್ತದೆ. ಒಂದೊಂದಕ್ಕೆ ಒಂದೊಂದು ಬಟ್ಟೆಯ ಚೀಲ ಹೊಲಿದುಕೊಳ್ಳಿ, ಹಳೇ ಪಂಚೆ ಸಾಕು.

ಈಗ ಪ್ರಶ್ನೆಗಳು.

"ಮೇಡಂ, ವಜ್ರದ ಓಲೆ ಮಂಕಾಗಿದೆ. ಸವೆದಿದೆಯಾ?" ಸವೆದಿಲ್ಲ. ವಜ್ರಕ್ಕೆ ಜಿಡ್ಡು ಅಂದರೆ ಬಲು ಪ್ರೀತಿ, ಸೆಳೆದುಕೊಂಡು ಅಂಟಿಸಿಕೊಳ್ಳುತ್ತದೆ. ಗಣಿಗಳಲ್ಲಿ ಗ್ರೀಸ್ ಸವರಿದ ಹಲಗೆ ಮೇಲೆ ಒದ್ದೆ ಜಲ್ಲಿ ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಈ ಗುಣದಿಂದಲೇ. ನಿಮ್ಮ ತಲೆಗೆ ಹಾಕುವ ಕೊಬ್ಬರಿಎಣ್ಣೆ ಓಲೆಯ ಹಿಂಭಾಗದಲ್ಲಿ ಕೂತಿದೆ. ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಮೆತ್ತನೆ ಬ್ರಶ್ಶಿನಿಂದ ಹಿಂದುಗಡೆ ಉಜ್ಜಿ. ಓಪನ್ ಸೆಟ್ಟಿಂಗ್ ಆಗಿದ್ದರೆ ಮಾತ್ರ. ಹಿಂದೆ ಮುಚ್ಚಿ ಅರಗು ತುಂಬಿದ ಹಳೇ ಕೆಂಪಿನ ಓಲೆಗಳನ್ನು ನೀರಿಗೆ ಹಾಕಲೇಬೇಡಿ. ಒಳಗಿನ ತಗಡು ಕಪ್ಪಾಗುತ್ತದೆ, ಬಿಸಿಗೆ ಅರಗು ಸಡಿಲವಾಗುತ್ತದೆ.

"ಟೂತ್‌ಪೇಸ್ಟ್ ಹಾಕಿ ಉಜ್ಜಬಹುದಾ? ನಮ್ಮತ್ತೆ ಹಾಗೇ ಮಾಡ್ತಾರೆ." ಅತ್ತೆಗೆ ನಾನು ಹೇಳಿದೆ ಅಂತ ಹೇಳಬೇಡಿ, ಆದರೆ ಬೇಡ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ವಜ್ರ-ಮಾಣಿಕ್ಯಕ್ಕೆ ಏನೂ ಆಗಲ್ಲ, ಚಿನ್ನ ಮತ್ತು ಮುತ್ತಿಗೆ ಗೀರು ಬೀಳುತ್ತದೆ. ಪಾತ್ರೆ ತೊಳೆಯುವ ಪುಡಿಯಂತೂ ಇನ್ನೂ ಕೆಟ್ಟದ್ದು. ಬರೀ ಚಿನ್ನಕ್ಕೆ ಅಂಟುವಾಳದ ನೊರೆಗಿಂತ ಒಳ್ಳೆಯದು ಬೇಕಿಲ್ಲ.

"ಹವಳದ ಉಂಗುರವನ್ನೇ ಹಾಕಬೇಕು ಅಂತ ಜೋಯಿಸರು ಹೇಳಿದಾರೆ. ಏನು ಮಾಡ್ಲಿ?" ಹಾಕಿ. ಪಟ್ಟೆ ಕೊರೆದದ್ದು ಬೇಡ, ಗುಂಡಗೆ ಉಬ್ಬಿದ ಹವಳ ತಗೊಳ್ಳಿ, ಅದರ ಮೇಲೆ ಸಣ್ಣ ಗೀರು ಅಷ್ಟಾಗಿ ಕಾಣುವುದಿಲ್ಲ. ಸುತ್ತ ಚಿನ್ನದ ಅಂಚು ಇರಲಿ. ಅಡುಗೆಗೆ ಮುಂಚೆ ತೆಗೆದಿಡಿ. ಮಂಕಾದರೆ ಮತ್ತೆ ಪಾಲಿಶ್ ಹಾಕಿಸಬಹುದು, ಪ್ರತಿ ಸಲವೂ ಸ್ವಲ್ಪ ಸಣ್ಣದಾಗುತ್ತದೆ ಅಷ್ಟೇ.

"ನಮ್ಮಮ್ಮನ ಮುತ್ತಿನ ಸರ ವರ್ಷಗಟ್ಟಲೆ ಲಾಕರಿನಲ್ಲಿದೆ. ಹಾಗೇ ಇಡಬಹುದಾ?" ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ. ತೀರಾ ಒಣಗಿದರೆ ಮುತ್ತು ಬಿರುಕು ಬಿಡುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅದಕ್ಕಿಂತ ಒಳ್ಳೆಯದು, ಆಗಾಗ ಹಾಕಿಕೊಳ್ಳಿ. ಹಾಕುವ ಮುಂಚೆ ದಾರ ಎಳೆದು ನೋಡಿ, ಮುತ್ತುಗಳ ನಡುವೆ ಸಂದು ಕಾಣುತ್ತಿದ್ದರೆ ದಾರ ಸಡಿಲವಾಗಿದೆ ಅಂತ ಅರ್ಥ. ಹೊಸ ರೇಷ್ಮೆ ದಾರದಲ್ಲಿ ಪೋಣಿಸಿಕೊಡಲು ಹೇಳಿ, ಎರಡು ಮುತ್ತಿನ ನಡುವೆ ಒಂದೊಂದು ಗಂಟು ಹಾಕಿಸಿ. ಒಂದಕ್ಕೊಂದು ಉಜ್ಜಿಕೊಳ್ಳುವುದಿಲ್ಲ, ದಾರ ಹರಿದರೂ ಬೀಳುವುದು ಒಂದೇ ಮುತ್ತು.